ಅಜ್ಜನ ಎಂಜಿನ್ ಬಣ್ಣ

ಗೆಳೆಯರೇ, ನನ್ನ ತಮ್ಮ ಮಾಡಿದ ಉಗಿ ಎಂಜಿನ್ ಮಾದರಿಯ ಬಣ್ಣ ಸರಿಯಾಗಿದೆ. ಇಂದು ಸಂಜೆ ಹಾಗೆಂದು ಒಪ್ಪಿಗೆ ಕೊಟ್ಟವರು ಕುರುಗೋಡಿನಿಂದ ಬಂದಿರುವ ನಮ್ಮ ಸೋದರತ್ತೆ. ಮಧ್ಯಾಹ್ನ ತಪ್ಪು ಎಂದವರೂ ಅವರೇ.

ಅವರ ಅಪ್ಪ, ಅಂದರೆ ನಮ್ಮ ಅಜ್ಜ, ಬಳ್ಳಾರಿಯಲ್ಲಿ ಈ ಮಾದರಿಯ ಮೂಲ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದರು. ಅದರ ಮಸಿಯಂಥ ಕಪ್ಪು ಬರಲೆಂದು ತಮ್ಮ ಹಲವು ಸಲ ಬಣ್ಣ ಕೆರೆದು ಮತ್ತೆ ಬಳಿದಿದ್ದ. ಅತ್ತೆ ಒಮ್ಮೆ ನೋಡಿ ಮುಖ ತಿರುಗಿಸಿದರು.

“ಇದು ನಮ್ಮಪ್ಪನ ಎಂಜಿನ್ ಅಲ್ಲ ಬಿಡೋ. ಅದು ಕೆಂಪಗಿತ್ತು.”

“ಇಲ್ಲತ್ತಿ, ಕರ್ರಗ ಇತ್ತು. ಹಳೇ ಫೋಟೋ ಎಲ್ಲಾ ನೋಡೀನಿ.”

“ಹಳೇ ಫೋಟೋದಾಗ ನಾನೂ ಕರ್ರಗ ಅದೀನಿ. ಕಂಟೋನ್ಮೆಂಟಿನ ಮನಿಯಿಂದ ದಿನಾ ಅಪ್ಪಗ ಬುತ್ತಿ ಒಯ್ದಾಕಿ ನಾನೋ, ನಿನ್ನ ಫೋಟೋನೋ?”

ತಮ್ಮ ಮಾದರಿಯನ್ನು ತಿರುಗಿಸಿ ನೋಡಿದ. ಆಮೇಲೆ ಕೇಳಿದ: “ಅತ್ತಿ, ಆ ಎಂಜಿನ್ ಏನು ಎಳೀತಿತ್ತು?”

“ಕಬ್ಬಿಣದ ಅದಿರು. ಮತ್ತೇನು?”

ಅವನು ಎದ್ದು ಹೊರಗೆ ಹೋದ. ಕಾಂಪೌಂಡ್ ಗೋಡೆಯ ಮೇಲಿದ್ದ, ಅದಿರಿನಂಥದೇ ಕೆಂಪು ಧೂಳನ್ನು ಬ್ರಷ್‌ನಿಂದ ಬಾಚಿ ತಂದು, ತಾನು ಅಷ್ಟು ಕಷ್ಟಪಟ್ಟು ಬಳಿದ ಕಪ್ಪಿನ ಮೇಲೆ ತೆಳುವಾಗಿ ಸವರಿದ.

ಅತ್ತೆ ಎಂಜಿನ್ನನ್ನು ಕೈಗೆ ತೆಗೆದುಕೊಂಡರು. ಸೆರಗಿನ ತುದಿಯಿಂದ ಅದರ ಬದಿಯಲ್ಲಿದ್ದ ನಂಬರನ್ನು ಮಾತ್ರ ಒರೆಸಿದರು. ಧೂಳಿನ ಕೆಳಗಿನ ಕಪ್ಪು ಕಾಣಿಸಿತು.

“ಅಪ್ಪನೂ ಇಷ್ಟೇ ಒರಸ್ತಿದ್ದ,” ಎಂದರು. “ಈಗ ಬಂತು ನೋಡಲೇ ನಮ್ಮ ಎಂಜಿನ್.”

ತಮ್ಮನ ಮುಖ ನೀವು ನೋಡಬೇಕಿತ್ತು. ನನ್ನದೂ ಹಾಗೇ ಇತ್ತಂತೆ.

ಭಾನುವಾರ ಮಾದರಿ ಸಿರುಗುಪ್ಪದ ಪ್ರದರ್ಶನಕ್ಕೆ ಹೋಗುತ್ತದೆ. ‘ದಯವಿಟ್ಟು ಧೂಳು ಒರೆಸಬೇಡಿ’ ಎಂಬ ಫಲಕವೂ ಜೊತೆಗೆ ಹೋಗುತ್ತದೆ.