ನಾಲ್ಕು ಗಂಟೆಯ ಖಾನೆ

ಕೇರಳದ ಮೀನಚಿಲ್ ಹೊಳೆಯ ದಂಡೆಯ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಮುಖ್ಯ ನರ್ಸಾಗಿ ಎಲ್ಸಮ್ಮನಿಗೆ ಅಂದಿಗೆ ಹನ್ನೊಂದು ದಿನ. ಒಂಬತ್ತು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಗೆಳತಿ ಷೀಬಾ ಈಗ ಅವಳ ಕೈಕೆಳಗಿನವಳು. ರಜೆಯಾಗಲಿ ಪಾಳಿಯಾಗಲಿ, ಷೀಬಾಳಿಗೆ ಇಲ್ಲವೆನ್ನಲು ಎಲ್ಸಮ್ಮನ ನಾಲಿಗೆ ಏಳುತ್ತಿರಲಿಲ್ಲ. ಹೇಳಿ ಮಾಡಿಸಬೇಕಾದ ಕೆಲಸವನ್ನೂ ತಾನೇ ಮಾಡಿ ಮುಗಿಸುತ್ತಿದ್ದಳು.

ಹೊಸ ಮುಖ್ಯ ನರ್ಸಿಗೆ ಆಸರೆಯಾಗಲೆಂದು, ಅದೇ ವಾರ್ಡಿನಿಂದ ನಿವೃತ್ತರಾದ ತಂಗಮ್ಮ ಸಿಸ್ಟರನ್ನು ಒಂದು ತಿಂಗಳು ಮಧ್ಯಾಹ್ನ ಬಂದು ಕೂರುವಂತೆ ಆಸ್ಪತ್ರೆಯವರು ಕೇಳಿಕೊಂಡಿದ್ದರು. ಅವರು ಮೂಲೆಯಲ್ಲಿ ಕ್ರೋಷಾ ಕಡ್ಡಿಯಲ್ಲಿ ನೂಲು ಹೆಣೆಯುತ್ತಾ ಕೂತಿರುತ್ತಿದ್ದರು. ಮೊದಲ ದಿನ ಹೇಳಿದ್ದು ಒಂದೇ ಮಾತು: ದಿನಕ್ಕೊಮ್ಮೆ ರೋಗಿಗಳ ಹಾಳೆ ನೋಡು, ಆಮೇಲೆ ಗಡಿಯಾರ ನೋಡು.

ಅಂದು ಎರಡೂವರೆಗೆ ಎಲ್ಸಮ್ಮ ಏಳನೇ ಹಾಸಿಗೆಯ ಹಾಳೆ ಎತ್ತಿಕೊಂಡಳು. ಹಿಂದಿನ ದಿನ ಪಿತ್ತಕೋಶದ ಆಪರೇಷನ್ ಆಗಿದ್ದ ಅನ್ನಕುಟ್ಟಿಯದು. ನಾಲ್ಕು ಗಂಟೆಯ ಖಾನೆಯಲ್ಲಿ, ನಾಡಿ ಎಂಬತ್ತನಾಲ್ಕು ಎಂದು ಷೀಬಾಳ ದುಂಡು ಅಕ್ಷರ ಆಗಲೇ ಕೂತಿತ್ತು.

ಕೆಲಸ ಹೆಚ್ಚಿದ ದಿನ ಮುಂದಿನ ಖಾನೆಯನ್ನು ಮೊದಲೇ ತುಂಬಿಡುವುದು ಆ ವಾರ್ಡಿನ ಹಳೆಯ ರೂಢಿ. ಎಲ್ಸಮ್ಮನೂ ತುಂಬಿದವಳೇ. ನಾಲ್ಕು ಗಂಟೆ ಆಗಲೇ ಆಯ್ತಾ ಎಂದು ಷೀಬಾಳನ್ನು ನಗುತ್ತಲೇ ಕೇಳಿದಳು. ಷೀಬಾ ಹತ್ತಿ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಇದನ್ನ ಕಲಿಸಿದ್ಯಾರೇ? ಕುರ್ಚಿ ಬಂತು, ನೆನಪು ಹೋಯ್ತು ಅನ್ನು."

ತಾನೇ ನಾಡಿ ನೋಡಿ ಬಂದರಾಯಿತು ಎಂದು ಎಲ್ಸಮ್ಮ ಹೋದಳು. ಅನ್ನಕುಟ್ಟಿಯ ಕೈ ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ನಾಡಿ ನೂರ ಮೂವತ್ತು, ಬೆರಳಿಗೆ ನೂಲಿನಂತೆ ಸಿಕ್ಕಿ ಜಾರುತ್ತಿತ್ತು. ಹೊಟ್ಟೆ ಬಿಗಿದಿತ್ತು. ಒಳಗೆ ರಕ್ತ ಸೋರುತ್ತಿದೆಯೆಂದು ಡಾಕ್ಟರು ಅವಳನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ದರು. ಬಾಗಿಲು ಮುಚ್ಚಿತು.

ಷೀಬಾ ಬಿಳಿಚಿಕೊಂಡು ಬಂದು, ಬೇರೆ ಹಾಳೆ ಬರೆದುಬಿಡೋಣ ಎಂದು ಅಂಗಲಾಚಿದಳು. ಎಲ್ಸಮ್ಮನ ಕೈ ಖಾಲಿ ಹಾಳೆಯ ಕಡೆ ಹೋಯಿತು.

"ಬೇಡ ಮಗಳೇ," ತಂಗಮ್ಮ ಕಣ್ಣೆತ್ತದೆ ಅಂದರು. "ನಾನೂ ಒಂದ್ಸಲ ಒಬ್ಬ ಹೆಂಗಸಿನ ಹಾಳೆ ಹೀಗೇ ಬದಲಾಯಿಸಿ ಬರೆದೆ. ಆ ಹೆಂಗಸು ಉಳೀಲಿಲ್ಲ. ನಂಗೆ ಯಾರೂ ಏನೂ ಅನ್ಲಿಲ್ಲ. ಅದಕ್ಕೇ ರೂಢಿ ಉಳ್ಕೊಂತು."

ಎಲ್ಸಮ್ಮ ಹಾಳೆಯನ್ನು ಇದ್ದಂತೆಯೇ ಇಟ್ಟು ವರದಿ ಬರೆದಳು. ಮೊದಲು ಷೀಬಾಳ ಹೆಸರು. ಅದರ ಕೆಳಗೆ, ಇದನ್ನು ಕಲಿಸಿದವಳು ನಾನು ಎಂದು ತನ್ನ ಹೆಸರು. ಓದಿದ ಷೀಬಾ ಮುಖ ತಿರುಗಿಸಿದಳು.

ಆಮೇಲೆ ಎಲ್ಸಮ್ಮ ಉಳಿದ ಹಾಳೆಗಳನ್ನು ಒಂದೊಂದಾಗಿ ತೆಗೆದಳು. ಗೋಡೆಯ ಗಡಿಯಾರದಲ್ಲಿ ಗಂಟೆ ಮೂರೂ ಹತ್ತು. ಹದಿನೆಂಟು ಹಾಳೆಗಳಲ್ಲೂ ನಾಲ್ಕು ಗಂಟೆ ಆಗಿಹೋಗಿತ್ತು, ಎಲ್ಲ ಹೆಂಗಸರೂ ಚೆನ್ನಾಗಿದ್ದರು.

ಅವಳು ಮೊದಲ ಹಾಸಿಗೆಯತ್ತ ತಾನೇ ಹೊರಟವಳು ನಿಂತಳು.

"ಷೀಬಾ, ಬಾ. ನಾಡಿ ನೀನೇ ನೋಡ್ಬೇಕು."

ಷೀಬಾ ಬಂದು ರೋಗಿಯ ಮಣಿಕಟ್ಟು ಹಿಡಿದಳು. ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವ ತನಕ ಅವಳ ಕಣ್ಣು ಗಡಿಯಾರದ ಮೇಲಿತ್ತು.