ಫೇಡರ್ ಇಳಿಸದೆ ಎದ್ದು ಹೋದ ನಾಲ್ಕು ನಿಮಿಷ

ಹದಿನೆಂಟು ಸಾವಿರ ಹೇಳಿದ್ದೆ, ಹದಿನಾಲ್ಕಕ್ಕೆ ಒಪ್ಪಿದೆ. ಬಿಟ್ಟುಕೊಟ್ಟ ನಾಲ್ಕರಲ್ಲಿ ಎರಡು ಸಾವಿರ ನನ್ನ ಲಾಭದ್ದು. ಇನ್ನೆರಡು ಸಾವಿರ ಸೌಂಡ್ ಮಿಕ್ಸರ್ ಮುಂದೆ ಕೂರಬೇಕಾಗಿದ್ದ ಎರಡನೇ ಆಪರೇಟರನ ಕೂಲಿ, ಊಟ, ಬಸ್ ಚಾರ್ಜು. ಅವನನ್ನು ತೆಗೆದುಹಾಕಿ ಒಬ್ಬನೇ ಹೋದೆ. ದರದ ಮಾತನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಆ ದಿನ ನಡೆದದ್ದೆಲ್ಲ ಆ ಕುರ್ಚಿ ಖಾಲಿ ಉಳಿದದ್ದರಿಂದ ನಡೆಯಿತು.

ಎರಡು ವರ್ಷದ ಹಿಂದಿನ ಮಾತು. ತೊಗರಿ ರಾಶಿ ಶುರುವಾಗಿ ಹುಮನಾಬಾದಿನ ಮಾರ್ಕೆಟ್ ಯಾರ್ಡ್ ಚೀಲಗಳಿಂದ ತುಂಬಿಕೊಂಡಿತ್ತು. ಅದರ ಹಿಂದಿನ ಓಣಿಯಲ್ಲೇ ನನ್ನ ಸೌಂಡ್ ಸರ್ವೀಸ್ ಗೋದಾಮು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟು, ಬೇರೆಯವರ ಸ್ಪೀಕರ್ ಬಾಕ್ಸುಗಳನ್ನು ತಲೆಯ ಮೇಲೆ ಹೊತ್ತು ಕಲಿತ ಕಸುಬು ಇದು. ಯಾವ ಗಿರಾಕಿ ಎಷ್ಟಕ್ಕೆ ಇಳಿಯುತ್ತಾನೆ ಎಂದು ಅವನು ಚಪ್ಪಲಿ ಬಿಡುವ ರೀತಿಯಲ್ಲೇ ಹೇಳುತ್ತೇನೆ ಎಂಬ ಹಮ್ಮು ನನಗಿತ್ತು.

ಬಸವಕಲ್ಯಾಣದ ಒಂದು ಪಿಯು ಕಾಲೇಜಿನಿಂದ ಶಾಹೀನ್ ಮೇಡಂ ಬಂದರು. ಇಂಗ್ಲಿಷ್ ಕಲಿಸುವವರು. ಹದಿಹರೆಯದ ಮಕ್ಕಳೆಲ್ಲ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುವ ಒಂದು ವಿಲಾಯತಿ ಹಾಡಿನ ನಾಟಕವನ್ನು ಅವರು ಕನ್ನಡಕ್ಕೆ ತಂದಿದ್ದರು. ಮಕ್ಕಳು ಮಾತಿಗಿಂತ ಹೆಚ್ಚು ಹಾಡುತ್ತಾರೆ, ಹಾಡುತ್ತಲೇ ಕುಣಿಯುತ್ತಾರೆ. ಅಲ್ಲಿಯ ಕಾಲೇಜು ಮೈದಾನ ಇಲ್ಲಿ ಹುಮನಾಬಾದ್ ಬಸ್ ಸ್ಟ್ಯಾಂಡ್ ಆಗಿತ್ತು.

“ಹದಿನೆಂಟಾ? ಭಾಯಿ, ನಾವು ನಾಟಕ ಮಾಡಾಕತ್ತೀವಿ, ಶಾದಿ ಅಲ್ಲ,” ಎಂದರು ಮೇಡಂ.

“ಶಾದಿಗಾದ್ರ ಎರಡ ಮೈಕ್ ಸಾಕ್ರಿ. ನಿಮ್ಮವರು ಆರು ಮಂದಿ ಕುಣಕೋತ ಹಾಡವರು. ಕೈಯಾಗ ಮೈಕ್ ಹಿಡಕೊಂಡು ಹ್ಯಾಂಗ ಕುಣೀತಾರ್ರಿ? ಆರು ಕಾಲರ್ ಮೈಕ್ ಬೇಕು.”

“ಮಕ್ಕಳು ಕೂಡಿಸಿದ ರೊಕ್ಕ ಇದು. ಹದಿನಾಲ್ಕು. ಇಲ್ಲಂದ್ರ ಮೈಕ್ ಇಲ್ಲದನ ಒದರ್ತಾರ.”

“ಆಯ್ತ್ರಿ. ಇಬ್ಬರು ಬರಾವ್ರಿದ್ವಿ, ಒಬ್ಬನ ಬರ್ತೀನಿ.”

ಕಾಲರ್ ಮೈಕ್ ಎಂದರೆ ಕುತ್ತಿಗೆಯ ಬಳಿ ಸಿಕ್ಕಿಸುವ ಕಡಲೆಕಾಳಿನಷ್ಟು ಮೈಕು. ಅದರ ತಂತಿ ಸೊಂಟಕ್ಕೆ ಕಟ್ಟಿದ ಸಣ್ಣ ಡಬ್ಬಿಗೆ ಹೋಗುತ್ತದೆ, ಡಬ್ಬಿ ದನಿಯನ್ನು ಗಾಳಿಯಲ್ಲೇ ಮಿಕ್ಸರಿಗೆ ಕಳಿಸುತ್ತದೆ, ಅದಕ್ಕೊಂದು ಸ್ವಿಚ್ಚು. ಮಕ್ಕಳು ಗಾಬರಿಯಲ್ಲಿ ಅದನ್ನು ಆಫ್ ಮಾಡಿ, ಆನ್ ಮಾಡಲು ಮರೆತು, ಬಾಯಿ ಮಾತ್ರ ಆಡಿಸುತ್ತ ನಿಲ್ಲುತ್ತಾರೆ. ಅದಕ್ಕೇ ನಮ್ಮ ಕಸುಬಿನವರು ಸ್ವಿಚ್ಚನ್ನು ಆನ್ ಇಟ್ಟು ಮೇಲೆ ಕಪ್ಪು ಟೇಪು ಸುತ್ತಿಬಿಡುತ್ತೇವೆ. ಯಾರ ದನಿ ಹೊರಗೆ ಬರಬೇಕು, ಯಾರದು ಬರಬಾರದು ಎಂಬುದು ಮಿಕ್ಸರಿನ ಮುಂದೆ ಕೂತವನ ಕೈಯಲ್ಲಿ. ಒಂದೊಂದು ಮೈಕಿಗೆ ಒಂದೊಂದು ಫೇಡರ್, ಅಂದರೆ ಮೇಲೆ ಕೆಳಗೆ ಸರಿಸುವ ಗುಂಡಿ. ಮೇಲಿದ್ದರೆ ದನಿ ಇದೆ, ಕೆಳಗಿದ್ದರೆ ಇಲ್ಲ. ಅದನ್ನು ನೋಡಿಕೊಳ್ಳುವವನು ಕುರ್ಚಿ ಬಿಟ್ಟು ಏಳಬಾರದು.

ಹಿಂದಿನ ದಿನದ ರಿಹರ್ಸಲಿನಲ್ಲಿ ಸುಜಾತಳ ದನಿ ಕೇಳಿದೆ. ದುಬಲಗುಂಡಿಯ ಹುಡುಗಿ, ಸೆಕೆಂಡ್ ಪಿಯು. ಊರಿನ ಬುದ್ಧವಿಹಾರದಲ್ಲಿ ಹುಣ್ಣಿಮೆಗೊಮ್ಮೆ ಹಾಡಿ ಪಳಗಿದ ಕಂಠ. ಕಸುಬಿನ ಅಷ್ಟು ವರ್ಷದಲ್ಲಿ ನಾನು ಯಾರ ದನಿಗೂ, ಅದರ ಕೊರತೆ ಮುಚ್ಚಲು, ಎಕೋ ಹಾಕದೆ ಬಿಟ್ಟವನಲ್ಲ. ಅವಳದಕ್ಕೆ ಹಾಕಲಿಲ್ಲ.

“ಇದ ಹುಡುಗಿ ನೋಡ್ರಿ,” ಎಂದರು ಮೇಡಂ. “ದಿನಾ ಎರಡು ಬಸ್ ಬದಲಿಸಿ ಬರ್ತಾಳ. ಪರೀಕ್ಷಾ ತನಕ ಹಾಸ್ಟೆಲ್‌ನ್ಯಾಗ ಇಟ್ರ ಪಾಸಾಗ್ತಾಳ, ಮುಂದ ಸಂಗೀತ ಓದ್ತಾಳ. ಅವರಪ್ಪನ ಸಹಿ ಬೇಕು. ಕೂಲಿ ಮಾಡವರು, ಹೆಣ್ಣುಮಗಳನ್ನ ಊರಾಚೆ ಬಿಡಾಕ ಅಂಜ್ತಾರ. ‘ನಾಟಕ ಕಣ್ಣಾರೆ ನೋಡ್ತೀನ್ರಿ, ಆಮ್ಯಾಲ ಹೇಳ್ತೀನಿ’ ಅಂದಾರ.”

ಒಟ್ಟಿನಲ್ಲಿ ಆ ನಾಟಕ ಉಳಿದವರಿಗೆಲ್ಲ ವಾರ್ಷಿಕೋತ್ಸವ, ಸುಜಾತಳಿಗೆ ಒಂದು ಸಹಿ.

ಹಳ್ಳಿಯ ಮಕ್ಕಳು ಸಂಜೆ ಬಸ್ಸು ಹಿಡಿಯಬೇಕೆಂದು ಮಧ್ಯಾಹ್ನ ಎರಡಕ್ಕೇ ಶುರು ಮಾಡಿದರು. ಸಭಾಂಗಣದಲ್ಲಿ ಸುಮಾರು ನಾಲ್ಕುನೂರು ಜನ. ಮೂರನೇ ಸಾಲಿನ ತುದಿಯಲ್ಲಿ ಒಬ್ಬ ಬಡಕಲು ಮನುಷ್ಯ, ಬಿಳಿ ಧೋತರ, ಹೆಗಲ ಮೇಲೆ ಗುಲಾಬಿ ಟವೆಲು. ಸುಜಾತಳ ಮೊದಲ ಹಾಡು ಮುಗಿದಾಗ ಅವರೊಬ್ಬರೇ ಎದ್ದು ನಿಂತು, ಕೈ ತಲೆಯ ಮೇಲೆತ್ತಿ ಚಪ್ಪಾಳೆ ಹೊಡೆದರು. ಹಿಂದಿನ ಸಾಲಿನ ಹುಡುಗರು “ಕಾಕಾ, ಕುಂದರ್ರಿ, ಕಾಣವಲ್ದು” ಎಂದು ಕೂಗಿದರು. ಅವರು ನಕ್ಕು ಕೂತರು. ಆ ಮುಖ ನೋಡಿದ ಯಾರಾದರೂ ಹೇಳಬಹುದಿತ್ತು, ಸಹಿ ಆದಂತೆಯೇ.

ಇಂಟರ್ವಲ್ ಆಯಿತು. ಪರದೆ ಬೀಳುತ್ತಲೇ ಆರೂ ಫೇಡರ್ ಕೆಳಗಿಳಿಸಿ ಪೆನ್‌ಡ್ರೈವಿನ ಸಂಗೀತ ಹಾಕಬೇಕು. ನಾನು ಕೈ ಚಾಚುವಷ್ಟರಲ್ಲಿ ಹಳ್ಳಿಖೇಡದ ಒಬ್ಬ ಕಬ್ಬಿನ ಲಾರಿ ಮಾಲಕ ಹೆಗಲ ಮೇಲೆ ಕೈ ಇಟ್ಟ. ಅವನ ತಮ್ಮನ ಮಗ ಆ ಕಾಲೇಜಿನಲ್ಲಿದ್ದ.

“ನಿಮ್ದ ಏನ್ರಿ ಈ ಸೌಂಡು? ನನ್ನ ಮಗಳ ಲಗ್ನ ಅದ. ಎರಡು ದಿನದ ಕೆಲಸ. ಚಾ ಕುಡ್ಯಾಕ ಬರ್ರಿ, ಈಗ ಮುಗಿಸೋಣು.”

ಎರಡು ದಿನದ ಕೆಲಸ ಎಂದರೆ ಕಾಲು ತಾನೇ ಎದ್ದಿತು. ಹೊರಗೆ ಚಹಾದ ಡಬ್ಬಾ ಅಂಗಡಿಯ ಬಳಿ ನಿಂತು ನಾನು ಅರವತ್ತು ಎಂದೆ, ಅವನು ಮೂವತ್ತೈದು ಎಂದ. ನಲವತ್ತೆಂಟಕ್ಕೆ ಬಂದು ನಿಂತಿದ್ದೆವು. ಅಷ್ಟರಲ್ಲಿ ಗೇಟಿಗೆ ಕಟ್ಟಿದ್ದ ನನ್ನದೇ ಸ್ಪೀಕರಿನಿಂದ ಇಬ್ಬರು ಹುಡುಗಿಯರ ದನಿ ಬಂತು. ಬಣ್ಣದ ಕೋಣೆಯ ಮಾತು.

“ಲೇ ಸುಜಿ, ಗುಲಾಬಿ ಟವೆಲ್ ಹಾಕ್ಕೊಂಡು ಕುಂತಾರಲ್ಲ, ಎದ್ದು ನಿಂತು ಚಪ್ಪಾಳಿ ಹೊಡದ್ರಲ್ಲ, ಯಾರ ಅವರು? ನಿಮ್ಮಪ್ಪ ಏನ?”

“ಅಯ್ಯ, ಅವರಾ? ನಮ್ಮಪ್ಪ ಅಲ್ಲ. ನಮ್ಮೂರಿನವರು. ಬಸ್ಸಿನ್ಯಾಗ ಸಂಗಾಟ ಬಂದಾರ ಅಷ್ಟ.”

“ನಾನೂ ಅದ ಅಂದೆ. ನಿಮ್ಮಪ್ಪ ಹುಮನಾಬಾದಿನ ಕೆಮಿಕಲ್ ಫ್ಯಾಕ್ಟರಿಯಾಗ ಸೂಪರ್‌ವೈಸರ್ ಅಲ್ಲಾ?”

“ಹೂಂ. ಇವತ್ತ ಅವರಿಗೆ ಡ್ಯೂಟಿ ಅದ.”

ಕೈಯಲ್ಲಿದ್ದ ಚಹಾ ಕಪ್ಪು ಬಿಟ್ಟು ಓಡಿದೆ. ಒಳಗೆ ಕೆಲವರು ನಗುತ್ತಿದ್ದರು. ಮೂರನೇ ಸಾಲಿನ ಸುತ್ತ ಮಾತ್ರ ಯಾರೂ ನಗಲಿಲ್ಲ. ನಾನು ಆರೂ ಫೇಡರ್ ಒಮ್ಮೆಲೇ ಕೆಳಗೆಳೆದೆ. ಹೋದ ಮಾತಿಗೆ ಫೇಡರ್ ಇಲ್ಲ. ಆ ಮನುಷ್ಯ ಎದ್ದು ನಿಂತರು, ಹೆಗಲ ಮೇಲಿನ ಟವೆಲು ತೆಗೆದು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿಟ್ಟುಕೊಂಡು, ಪಕ್ಕದ ಬಾಗಿಲಿನಿಂದ ಹೊರಗೆ ನಡೆದರು.

ಗೇಟಿನ ಹತ್ತಿರ ಹಿಡಿದೆ.

“ಕಾಕಾ, ನಿಲ್ರಿ. ತಪ್ಪು ತಿಳಿಬ್ಯಾಡ್ರಿ. ಅದು ನಾಟಕದ ಮಾತ್ರಿ. ಎರಡನೇ ಭಾಗದ ಡೈಲಾಗ್ ಪ್ರ್ಯಾಕ್ಟೀಸ್ ಮಾಡಾಕತ್ತಿದ್ರು.”

ಅವರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ.

“ಹೌದೇನ್ರಿ? ನಾಟಕದಾಗ ನನ್ನ ಟವೆಲ್ ಬಣ್ಣ ಹ್ಯಾಂಗ ಬಂತ್ರಿ? ಇದು ನಾ ಇವತ್ತ ಮುಂಜಾನಿ ಹುಮನಾಬಾದಿನ್ಯಾಗ ಹೊಸಾದು ತಗೊಂಡೀನಿ. ಮಗಳ ಕಾಲೇಜಿಗೆ ಹೋಗೋದು, ಹಳೇದು ಚಲೋ ಕಾಣಂಗಿಲ್ಲಂತ.”

ಅವರೇ ನನಗೆ ದಾರಿ ಬಿಟ್ಟರು. “ನೀವು ಹೋಗ್ರಿ, ನಿಮ್ಮ ಕೆಲಸ ನೋಡ್ರಿ. ನಾ ಇಲ್ಲೇ ಕುಂದರ್ತೀನಿ. ಅಕಿ ಒಬ್ಬಾಕಿನ ಹ್ಯಾಂಗ ಬರ್ತಾಳ?”

ಎರಡನೇ ಭಾಗ ಶುರುವಾಗುವಷ್ಟರಲ್ಲಿ ಯಾರೋ ಸುಜಾತಳಿಗೆ ಹೇಳಿಬಿಟ್ಟಿದ್ದರು. ರಂಗದ ಮೇಲೆ ಬಂದವಳು ಮೊದಲು ಮೂರನೇ ಸಾಲಿನ ಖಾಲಿ ಕುರ್ಚಿ ನೋಡಿದಳು. ಖುಷಿಯ ಹಾಡು ಅದು, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕೂಡಿ ಕುಣಿಯುವುದು. ಎರಡು ಸಾಲು ಹಾಡಿದಳು. ಮೂರನೆಯದರಲ್ಲಿ ಪದಗಳ ನಡುವೆ ಬಿಕ್ಕು ಬರತೊಡಗಿತು. ಮೈಕು ಗಂಟಲ ಹತ್ತಿರವೇ, ಉಸಿರೂ ಕೇಳುತ್ತದೆ. ಆ ದಿನ ನಾನು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಅವಳ ಫೇಡರ್ ಪೂರ್ತಿ ಕೆಳಗಿಳಿಸಿ ಉಳಿದ ಐವರದು ಏರಿಸಿದ್ದು. ಜನಕ್ಕೆ ಹಾಡು ಕೇಳಿತು, ಅಳು ಕೇಳಲಿಲ್ಲ. ಚಪ್ಪಾಳೆಯೂ ಬಿತ್ತು.

ಐದು ಗಂಟೆಗೆ ಗೇಟಿನ ಬಳಿ ಮೇಡಂ ಹಾಸ್ಟೆಲ್ ಫಾರ್ಮು ಹಿಡಿದು ನಿಂತಿದ್ದರು, ಕೊಡುವುದೋ ಬೇಡವೋ ಎಂದು. ಮಾರುತಿ ಕಾಕಾ, ಅದು ಅವರ ಹೆಸರು, ತಾವೇ ಕೈ ಚಾಚಿದರು.

“ಕೊಡ್ರಿ ಮೇಡಂ, ಎಲ್ಲಿ ಮಾಡ್ಬೇಕ್ರಿ ಸಹಿ?”

ಸಾವಕಾಶವಾಗಿ, ಅಕ್ಷರ ಅಕ್ಷರ ಕೂಡಿಸಿ ಸಹಿ ಮಾಡಿದರು. ಕೆಳಗೆ ‘ವಿದ್ಯಾರ್ಥಿಗೆ ಇವರ ಸಂಬಂಧ’ ಎಂಬ ಖಾನೆ ಇತ್ತು. ಮೇಡಂ ಅದರ ಮೇಲೆ ಬೆರಳಿಟ್ಟು, “ಇಲ್ಲಿ ‘ತಂದೆ’ ಅಂತ ಬರೀರಿ,” ಎಂದರು.

ಕಾಕಾ ಪೆನ್ನನ್ನು ಮಗಳ ಕಡೆ ಹಿಡಿದರು. “ಅದು ಅಕಿನ ಬರೀಲ್ರಿ. ಅಕಿಗಿ ಗೊತ್ತದ.”

ಸುಜಾತ ಪೆನ್ನು ತಗೊಂಡಳು. ಬರೆಯಲಾಗಲಿಲ್ಲ. “ಅಪ್ಪಾ...” ಎಂದಳು, ಅಷ್ಟೇ. “ನಡಿ, ಬಸ್ ತಪ್ತದ,” ಎಂದು ಅವರು ಮುಂದೆ ನಡೆದರು. ಅವಳು ಹತ್ತು ಹೆಜ್ಜೆ ಹಿಂದೆ ನಡೆದಳು. ಆ ಖಾನೆಯನ್ನು ಆಮೇಲೆ ಮೇಡಂ ತುಂಬಿಕೊಂಡರು.

ತಿಂಗಳ ನಂತರ ದುಬಲಗುಂಡಿಗೆ ಹೋದೆ. ಕೆಲಸವೇನೂ ಇರಲಿಲ್ಲ. ಕೂಲಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ ಕಾಕಾ ಚಹಾ ಮಾಡಿಸಿದರು. ತಪ್ಪು ನನ್ನದು, ಹುಡುಗಿಯದಲ್ಲ, ಕುರ್ಚಿ ಬಿಟ್ಟು ಎದ್ದವನು ನಾನು ಎಂದೆ.

“ಅಕಿ ತಪ್ಪೂ ಏನಿಲ್ರಿ,” ಎಂದರು. “ನಾ ಹುಡುಗ ಇದ್ದಾಗ ಹಳ್ಳಿಖೇಡಕ್ಕ ಕೆಲಸಕ್ಕ ಹೋಗ್ತಿದ್ದೆ. ಹೋಟೆಲಿನ್ಯಾಗ ಕುಂತ್ರ ಯಾವ ಊರು, ಯಾರ ಮಗ ಅಂತ ಕೇಳವರು. ನಮ್ಮಪ್ಪನ ಹೆಸರು ಹೇಳಿದ್ರ ಯಾವ ಓಣಿಯವ ಅಂತ ಗೊತ್ತಾಗ್ತಿತ್ತು, ಚಾದ ಕಪ್ಪು ಬ್ಯಾರೆ ಬರ್ತಿತ್ತು. ಅದಕ್ಕ ಬ್ಯಾರೇದವರ ಹೆಸರು ಹೇಳ್ತಿದ್ದೆ. ಒಂದ ಸಲ ಅಲ್ಲ, ಭಾಳ ಸಲ.” ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಒಂದು ಗುಟುಕು ಹೀರಿದರು. “ನಮ್ಮಪ್ಪ ಸಾಯೋ ತನಕ ಅವನ ಕಿವಿಗಿ ಬೀಳಲಿಲ್ಲ. ಅವಾಗ ಮೈಕ್ ಇರಲಿಲ್ಲ ನೋಡ್ರಿ.”

ಸುಜಾತ ಹಾಸ್ಟೆಲಿನಲ್ಲಿದ್ದು ಪಾಸಾದಳು. ಈಗ ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ಸಂಗೀತವಲ್ಲ. ಹಾಡುವುದನ್ನು ಬಿಟ್ಟಿದ್ದಾಳೆ ಎಂದು ಮೇಡಂ ಹೇಳಿದರು. ಕಾಕಾ ಫೀಜು ತಪ್ಪಿಸುವುದಿಲ್ಲ. ಆದರೆ ಬಸವಕಲ್ಯಾಣದ ಹಾಸ್ಟೆಲಿಗಾಗಲಿ ಕಲಬುರಗಿಗಾಗಲಿ ಅವರು ಒಮ್ಮೆಯೂ ಕಾಲಿಟ್ಟಿಲ್ಲ. ಅವಳು ಎಷ್ಟು ಕರೆದರೂ “ಕೆಲಸ ಅದವ್ವ, ನೀ ಬಾ” ಎನ್ನುತ್ತಾರಂತೆ. ಲಾರಿ ಮಾಲಕನ ಮಗಳ ಲಗ್ನದ ಸೌಂಡು ನಾನೇ ಮಾಡಿದೆ, ನಲವತ್ತೆಂಟಕ್ಕೆ. ಅಷ್ಟು ಒಳ್ಳೆಯ ದರದ ಕೆಲಸವನ್ನು ಅಷ್ಟು ಬೇಸರದಿಂದ ಎಂದೂ ಮಾಡಿರಲಿಲ್ಲ.

ಈಗ ನಿಮಗೊಂದಿಷ್ಟು ಹೇಳುತ್ತೇನೆ. ಶಾಲೆ ಕಾಲೇಜಿನ ಕಾರ್ಯಕ್ರಮ ಮಾಡಿಸುವವರು ಕೇಳಿ. ಸೌಂಡಿನವನ ಜೊತೆ ಚೌಕಾಶಿ ಮಾಡಿ, ಜೋರಾಗಿಯೇ ಮಾಡಿ, ನಾವು ಹೇಳುವ ಮೊದಲ ದರಕ್ಕೆ ಯಾರೂ ಕೊಡಬಾರದು. ಸ್ಪೀಕರ್ ಕಡಿಮೆ ಮಾಡಿಸಿ, ಬಣ್ಣದ ಲೈಟು ತೆಗೆಸಿ, ಹೊಗೆಯ ಮಿಷನ್ನು ಬೇಡವೆನ್ನಿ. ಮಿಕ್ಸರ್ ಮುಂದೆ ಕೂರುವ ಮನುಷ್ಯನನ್ನು ಮಾತ್ರ ಕಡಿಮೆ ಮಾಡಿಸಬೇಡಿ. “ನಾನೊಬ್ಬನೇ ನೋಡ್ಕೋತೀನಿ” ಎನ್ನುವವನಿಗೆ ಅಡ್ವಾನ್ಸ್ ಕೊಡಬೇಡಿ, ಆ ಮಾತು ಹೇಳಿದವನೇ ನಿಮಗೆ ಹೇಳುತ್ತಿದ್ದಾನೆ. ಪರದೆ ಬಿದ್ದ ಕೂಡಲೇ, ನೀರು ಕೊಡುವುದಕ್ಕೂ ಮೊದಲು, ಮಕ್ಕಳ ಮೈಕು ಬಿಚ್ಚಿಸಿಕೊಳ್ಳಿ. ಹದಿನೇಳು ವರ್ಷದ ಮಕ್ಕಳು ಗೆಳತಿಯರ ಮುಂದೆ ಒಂದೆರಡು ಸುಳ್ಳು ಹೇಳುತ್ತಾರೆ. ಆ ಸುಳ್ಳನ್ನು ತಾವೇ ತಿದ್ದಿಕೊಳ್ಳಲು ಅವರಿಗೆ ಸಮಯ ಬೇಕು, ಆ ಸಮಯವನ್ನು ಅವರಿಗೆ ಉಳಿಸಿಕೊಡಿ.