ದೇವರ ಗೂಡಿನ ಜರ್ಮನ್ ಹಕ್ಕಿ

ಸೂಲಿಬೆಲೆ ಪಕ್ಕದ ಹಳ್ಳಿಯಲ್ಲಿ ಮುನಿತಾಯಮ್ಮನ ಬಾಯಿಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ದಾಯಾದಿಗಳಿಂದ ಹೊಲವನ್ನು ಬಾಯಿಂದಲೇ ಉಳಿಸಿಕೊಂಡ ಹೆಂಗಸು ಅವಳು. ಒಬ್ಬನೇ ಮಗ ಮುನಿಸ್ವಾಮಿ ಹೇಳದೆ ಕೇಳದೆ ಬೆಂಗಳೂರಿಗೆ ಹೋಗಿ ಮಿಲಿಟರಿ ಸೇರಿದ ದಿನ ಅವಳು ಬೈದದ್ದು ಕೆರೆಯಾಚೆಗೂ ಕೇಳಿಸಿತ್ತು. ಎರಡನೇ ಮಹಾಯುದ್ಧದಲ್ಲಿ, ಯಾವುದೋ ಮರಳುಗಾಡಿನಲ್ಲಿ ಅವನು ಸತ್ತ ಸುದ್ದಿ ಬಂದಾಗ ಮಾತ್ರ ಆ ಬಾಯಿ ಕಟ್ಟಿಹೋಯಿತು.

ಆಮೇಲೆ ಅವನ ಟ್ರಂಕು ಬಂತು. ಒಂದು ಲೋಟ, ಒಂದು ಕಂಬಳಿ, ಕಂಬಳಿಯೊಳಗೆ ಸುತ್ತಿಟ್ಟ ಮಣೆಯಗಲದ ಬೂದುಬಣ್ಣದ ತಗಡು. ಅದರ ತುಂಬ ತೂತುಗಳು, ಒಂದು ಸ್ವಿಚ್ಚು, ಗಾಜಿನೊಳಗೊಂದು ಮುಳ್ಳು. ಮೂಲೆಯಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯ ಉಬ್ಬಚ್ಚು, ಅದರ ಕಾಲಲ್ಲಿ ಸ್ವಸ್ತಿಕ. ತಿರುಪತಿ ತಿಮ್ಮಪ್ಪನ ಒಕ್ಕಲಿನ ಮನೆಗೆ ಇನ್ನೇನು ಬೇಕು? ಮಗ ಗರುಡನನ್ನೇ ಕಳಿಸಿದ್ದಾನೆಂದು ಅವಳು ಅದನ್ನು ದೇವರ ಗೂಡಿನಲ್ಲಿಟ್ಟಳು. ಶನಿವಾರ ಬಂದರೆ ನಾಮ, ತುಳಸಿ. ಮೈದುನ ಬೈರಣ್ಣ ಊರಿಗೆಲ್ಲ ಸಾರಿದ. ಜನ ಕಾಯಿ ಒಡೆಸಿಕೊಂಡು ಹೋಗತೊಡಗಿದರು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ನೆಲಮಂಗಲ ಕಡೆಯ ಗೋಪಾಲಪ್ಪ ಬಂದ. ಮುನಿಸ್ವಾಮಿಯ ಜೊತೆಯಲ್ಲೇ ವೈರ್‌ಲೆಸ್ ಕೆಲಸ ಮಾಡಿದವನು. ಮುನಿತಾಯಮ್ಮ ಹೆಮ್ಮೆಯಿಂದ ತಗಡನ್ನು ತಂದು ಅವನ ಕೈಗಿಟ್ಟಳು.

ಅವನು ಟವೆಲಿನ ತುದಿಯಿಂದ ನಾಮ ಒರೆಸಿದ. ಹಿಂದೆ ಮುಂದೆ ತಿರುಗಿಸಿದ. ಸ್ವಿಚ್ಚನ್ನು ಟಕ್ಕೆನಿಸಿ ಮುಳ್ಳನ್ನು ನೋಡಿದ. ಅವನ ಮುಖ ಬಾಡಿತು.

"ಅವ್ವಾ, ಇದು ಜರ್ಮನಿಯವರ್ದು. ಬ್ಯಾಟ್ರಿ ಕರೆಂಟ್ನ ಅವರ ವೈರ್ಲೆಸ್ಸಿಗೆ ಕೊಡೋದು. ಇದರಲ್ಲಿ ಇನ್ನೇನೂ ಇಲ್ಲ."

"ಮತ್ತೆ ಗರುಡ?"

"ಗರುಡ ಅಲ್ಲ ಕಣವ್ವ, ಅವರ ಸರ್ಕಾರದ ಮುದ್ರೆ. ಅವರ ಸಾಮಾನಿನ ಮೇಲೆಲ್ಲಾ ಇದೇ."

"ನನ್ನ ಮಗನ್ನ ಕೊಂದೋರು ಯಾರು, ಅದನ್ನ ಹೇಳು."

ಗೋಪಾಲಪ್ಪ ನೆಲ ನೋಡಿದ. "ಅವರೇ."

ಇಷ್ಟು ವರ್ಷ ಕಟ್ಟಿದ್ದ ಬಾಯಿ ಒಮ್ಮೆಲೇ ಬಿಚ್ಚಿಕೊಂಡಿತು. "ನನ್ನ ಕೂಸನ್ನ ತಿಂದೋರ ಹಕ್ಕಿಗೆ ನಾನು ತುಳಸಿ ಏರಿಸ್ತಾ ಕೂತಿದ್ನೇನೋ! ತಿಮ್ಮಪ್ಪಾ, ಗೂಡಲ್ಲಿ ಪಕ್ಕದಲ್ಲೇ ಕೂತ್ಕಂಡು ನೋಡ್ತಿದ್ಯಲ್ಲಾ, ನಿನಗೂ ಬಾಯಿಲ್ವಾ?" ತಗಡನ್ನು ಕಿತ್ತುಕೊಂಡು ಬಾವಿಯ ಕಡೆ ನಡೆದಳು.

ಗೋಪಾಲಪ್ಪ ಹಿಂದೆಯೇ ಓಡಿದ. "ಎಸೀಬೇಡ ಅವ್ವಾ! ಮುರಿದು ಬಿದ್ದಿದ್ದ ಲಾರಿಯಿಂದ ಅವನೇ ಬಿಚ್ಚಿಕೊಂಡಿದ್ದು, ನಿನಗೇ ಅಂತ. 'ನಮ್ಮವ್ವ ಇದನ್ನ ನೋಡಿದ್ರೆ ಗರುಡ ಅಂತ ನಾಮ ಬಳೀತಾಳೆ, ನೋಡ್ತಿರು' ಅಂತ ಬಿದ್ದು ಬಿದ್ದು ನಗ್ತಿದ್ದ."

ಎತ್ತಿದ ಕೈ ಹಾಗೇ ನಿಂತಿತು. ಎಸೆದರೆ ಮಗ ತನಗೇ ಅಂತ ತೆಗೆದಿಟ್ಟ ವಸ್ತು ನೀರುಪಾಲು. ಇಟ್ಟುಕೊಂಡರೆ ಆ ಹಕ್ಕಿ ಮನೆಯಲ್ಲೇ.

ಮುನಿತಾಯಮ್ಮ ತಿರುಗಿ ಕೊಟ್ಟಿಗೆಗೆ ಬಂದಳು. ಕುಡುಗೋಲು ಮಸೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಗಡಿನ ಮೂಲೆಯನ್ನು ಕಲ್ಲಿಗೊತ್ತಿ ಉಜ್ಜತೊಡಗಿದಳು. ಸದ್ದಿಗೆ ಬೈರಣ್ಣ ಓಡಿಬಂದ.

"ಅತ್ತಿಗೆ, ತಲೆಗಿಲೆ ಕೆಟ್ಟಿದ್ಯಾ? ದೇವರನ್ನ ಮಸೀತಿದ್ದೀಯಲ್ಲಾ! ನಾಳೆ ಕಾಯಿ ತರೋರಿಗೆ ಏನು ಹೇಳ್ಲಿ?"

"ಜರ್ಮನಿಗೆ ಹೋಗಿ ಒಡೆಸ್ಕಳ್ಳಿ ಅನ್ನು! ಚಟ್ನಿಗೆ ಕಾಯಿ ಸಿಗಲ್ಲ ಅಂತ ನಿನ್ನ ಸಂಕಟ. ಕೈ ಇಟ್ಟೆಯೋ, ನಿನ್ನ ಮೂಗೂ ಇದೇ ಕಲ್ಲಿಗೆ."

ಬೈರಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಬೆರಳ ಚರ್ಮ ಸುಲಿದರೂ ಅವಳು ಬಿಡಲಿಲ್ಲ. ರೆಕ್ಕೆ ಹೋಯಿತು, ಕೊಕ್ಕು ಹೋಯಿತು, ಕಾಲೂ ಹೋಯಿತು. ಬಿಳಿಯ ತಗಡು ಹೊಳೆಯಿತು.

ಅದು ಮತ್ತೆ ದೇವರ ಗೂಡಿಗೆ ಹೋಗಲಿಲ್ಲ. ಮುನಿಸ್ವಾಮಿ ಅಂಗಿ ಸಿಕ್ಕಿಸುತ್ತಿದ್ದ ಗೂಟಕ್ಕೆ ದಾರ ಕಟ್ಟಿ ತೂಗುಹಾಕಿದಳು. ಹೊಲಕ್ಕೆ ಹೊರಡುವಾಗ ಅದರ ಮುಂದೆ ನಿಂತು ಸ್ವಿಚ್ಚನ್ನು ಟಕ್ಕೆನಿಸಿ, "ಹೆತ್ತವಳನ್ನೇ ಆಡ್ಕೊಂಡು ನಗ್ತೀಯೇನೋ, ಕತ್ತೆ" ಎಂದು ಬೈದೇ ಹೊಸಿಲು ದಾಟುತ್ತಿದ್ದಳು.